ಬಾಯಿ ಬಾರದ ಹೊತ್ತಿಗೆ ನಾಲ್ಕು ಸಾಲು: ವೈದ್ಯಕೀಯ ಗುರುತಿನಲ್ಲಿ ಏನಿರಬೇಕು, ಅದು ಎಲ್ಲಿರಬೇಕು

ಪ್ರಜ್ಞೆ ತಪ್ಪಿ ಬಿದ್ದವರ ಪಕ್ಕ ಕುಳಿತ ಆಂಬ್ಯುಲೆನ್ಸ್ ಸಿಬ್ಬಂದಿ ಮೊದಲು ಉಸಿರು ನೋಡುತ್ತಾರೆ, ಆಮೇಲೆ ನಾಡಿ. ನಾಡಿ ಹಿಡಿಯಲು ಕೈ ಹೋಗುವುದು ಮಣಿಕಟ್ಟಿಗೆ, ಇಲ್ಲವೇ ಕತ್ತಿಗೆ. ವೈದ್ಯಕೀಯ ಗುರುತಿನ ಬಿಲ್ಲೆಯನ್ನು ಕೈಗೋ ಕೊರಳಿಗೋ ಹಾಕಿಕೊಳ್ಳಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ಜೇಬು, ಪರ್ಸು, ಫೋನು ಎಲ್ಲ ಆಮೇಲೆ, ಅದೂ ಪುರುಸೊತ್ತು ಸಿಕ್ಕರೆ. ಗಾಯ ಹುಡುಕುವಾಗ ಬಟ್ಟೆಯನ್ನು ಕತ್ತರಿಯಿಂದ ಸೀಳಿ ಪಕ್ಕಕ್ಕೆ ಹಾಕುತ್ತಾರೆ. ಜೇಬಿನಲ್ಲಿದ್ದ ಚೀಟಿ ಬಟ್ಟೆಯ ಜೊತೆಗೇ ರಸ್ತೆಬದಿಯಲ್ಲಿ ಉಳಿದುಬಿಡಬಹುದು. ಡಿಕ್ಕಿಯ ರಭಸಕ್ಕೆ ಫೋನು ಎಲ್ಲೋ ಹಾರಿರುತ್ತದೆ. ಕೈಗೆ ಕಟ್ಟಿದ್ದು ಮಾತ್ರ ಕೈಯಲ್ಲೇ ಇರುತ್ತದೆ.

ಇಷ್ಟು ಗೊತ್ತಿದ್ದವರೂ ಎಡವುವುದು ಏನು ಬರೆಯಬೇಕು ಎನ್ನುವಲ್ಲಿ. ಗುರುತಿನ ಬಿಲ್ಲೆ ಎಂದರೆ ಆಸ್ಪತ್ರೆಯ ಫೈಲಿನ ಚಿಕ್ಕ ಪ್ರತಿ ಎಂದುಕೊಂಡು ಹುಟ್ಟಿದಂದಿನಿಂದ ಆದ ಕಾಯಿಲೆಗಳನ್ನೆಲ್ಲ ತುಂಬುತ್ತಾರೆ. ಓದುವವರು ಅವಸರದಲ್ಲಿರುವ ಅಪರಿಚಿತರು. ಬೆಳಕು ಸಾಲದು, ಕೈಗೆ ಗ್ಲೌಸ್ ಇದೆ, ನಿಮ್ಮನ್ನು ಅವರು ಹಿಂದೆ ಕಂಡಿಲ್ಲ. ಅವರಿಗೆ ಬೇಕಾದದ್ದು ನಿಮ್ಮ ಚರಿತ್ರೆಯಲ್ಲ, ಈಗ ಏನು ಮಾಡಬೇಕು, ಏನು ಮಾಡಬಾರದು ಎಂಬ ಸುಳಿವು. ಹಾಗಾಗಿ ಪ್ರತಿ ಸಾಲು ಬರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೊದಲ ಒಂದು ಗಂಟೆಯೊಳಗೆ ಇದು ಗೊತ್ತಾದರೆ ಚಿಕಿತ್ಸೆ ಬದಲಾಗುತ್ತದೆಯೇ? 20 ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸಿದ್ದು ಗೊತ್ತಾದರೆ ಬದಲಾಗುವುದಿಲ್ಲ. ಕೊಲೆಸ್ಟರಾಲ್ ಮಾತ್ರೆಯಿಂದಲೂ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ ನುಂಗುತ್ತಿದ್ದರೆ ಬದಲಾಗುತ್ತದೆ, ಅದೂ ಪೂರ್ತಿ.

ರಕ್ತದ ಗುಂಪಿನ ಬಗ್ಗೆ ಇರುವ ತಪ್ಪು ತಿಳಿವಳಿಕೆ

ಗುರುತಿನ ಚೀಟಿ ಎಂದ ಕೂಡಲೇ ಬಹಳ ಜನರಿಗೆ ಮೊದಲು ಹೊಳೆಯುವುದು ರಕ್ತದ ಗುಂಪು. ಬಿಲ್ಲೆಯ ಅರ್ಧ ಜಾಗವನ್ನು ಅದಕ್ಕೇ ಕೊಡುವವರಿದ್ದಾರೆ. ಆದರೆ ಕೈಯ ಮೇಲೆ ಬರೆದಿರುವುದನ್ನು ನಂಬಿ ಯಾವ ಆಸ್ಪತ್ರೆಯೂ ರಕ್ತ ಏರಿಸುವುದಿಲ್ಲ, ಏರಿಸಲೂಬಾರದು. ರೋಗಿಯ ರಕ್ತದ ಮಾದರಿ ತೆಗೆದು ಗುಂಪು ನೋಡಿ, ಕೊಡುವ ರಕ್ತದ ಜೊತೆ ಹೊಂದುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬಾಟಲಿ ಹತ್ತಿರ ಬರುವುದು. ಅಷ್ಟಕ್ಕೂ ಸಮಯವಿಲ್ಲದಿದ್ದರೆ ಓ ನೆಗೆಟಿವ್ ರಕ್ತ ಕೊಟ್ಟು ಹೊತ್ತು ಕಳೆಯುತ್ತಾರೆ. ಆದ್ದರಿಂದ ಜಾಗ ಉಳಿದರೆ ಕೊನೆಯಲ್ಲಿ ಬರೆಯಿರಿ, ಉಳಿಯದಿದ್ದರೆ ಬಿಡಿ.

ಇದಕ್ಕೊಂದು ಅಪವಾದವಿದೆ. ಬಾಂಬೆ ರಕ್ತದ ಗುಂಪಿನವರು ಅದನ್ನು ಬರೆಯಲೇಬೇಕು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಯವರು ಮುಂಬೈಯಲ್ಲಿ ಗುರುತಿಸಿದ ಈ ಗುಂಪಿನವರ ಕೆಂಪು ರಕ್ತಕಣಗಳಲ್ಲಿ ಎಚ್ ಆಂಟಿಜೆನ್ ಎಂಬ ಗುರುತಿನ ಅಂಶ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಇದು ಓ ಗುಂಪಿನಂತೆಯೇ ಕಾಣುತ್ತದೆ. ಆದರೆ ಓ ರಕ್ತ ಕೊಟ್ಟರೆ ಅವರ ದೇಹ ಆ ಕಣಗಳನ್ನು ಒಡೆದುಹಾಕುತ್ತದೆ. ಅವರಿಗೆ ಆಗುವುದು ಅದೇ ಗುಂಪಿನವರ ರಕ್ತ ಮಾತ್ರ. ಹಿಂದೆ ರಕ್ತ ಪಡೆದಾಗ ಅಪರೂಪದ ಪ್ರತಿಕಾಯಗಳು ಕಂಡುಬಂದಿವೆ ಎಂದು ರಕ್ತನಿಧಿಯವರು ಚೀಟಿ ಕೊಟ್ಟಿದ್ದರೆ ಅದೂ ಇದೇ ಸಾಲಿಗೆ ಸೇರುತ್ತದೆ.

ಯಾರಿಗೆ ಬೇಕೇ ಬೇಕು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರದು ಮೊದಲ ಹೆಸರು. ರಕ್ತದ ಸಕ್ಕರೆ ಡೆಸಿಲೀಟರಿಗೆ 54 ಮಿಲಿಗ್ರಾಂಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಸಿಟ್ಟು ಬರುತ್ತದೆ. ನೋಡಿದವರು ಕುಡಿದಿದ್ದಾರೆ ಎಂದುಕೊಂಡು ದೂರ ಸರಿಯುತ್ತಾರೆ. ಆಂಬ್ಯುಲೆನ್ಸ್ ಬಂದರೆ ಸಕ್ಕರೆ ನೋಡಿಯೇ ನೋಡುತ್ತಾರೆ. ಆಂಬ್ಯುಲೆನ್ಸ್ ಕರೆಯಬೇಕೆಂದು ಯಾರಿಗಾದರೂ ತೋಚಬೇಕಲ್ಲ, ಬಿಲ್ಲೆಯ ಕೆಲಸ ಇರುವುದು ಅಲ್ಲಿ. ಬರಿ ‘ಡಯಾಬಿಟಿಸ್’ ಎಂದು ಬರೆದರೆ ಸಾಲದು. ‘ಟೈಪ್ 1, ಇನ್ಸುಲಿನ್’ ಎಂದಿದ್ದರೆ ಆಸ್ಪತ್ರೆಯಲ್ಲಿ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು ಎಂಬುದೂ ತಿಳಿಯುತ್ತದೆ. ಮಾತ್ರೆ ಮಾತ್ರ ತೆಗೆದುಕೊಳ್ಳುವವರ ವಿಷಯ ಬೇರೆ. ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆಗಳಿದ್ದರೆ ಬರೆಯಬೇಕು. ಮೆಟ್‌ಫಾರ್ಮಿನ್ ಒಂದೇ ಆದರೆ ಪರ್ಸಿನಲ್ಲಿಡುವ ಕಾರ್ಡಿನಲ್ಲಿದ್ದರೆ ಸಾಕು.

ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಎರಡನೆಯವರು. ಇಲ್ಲಿ ಔಷಧಿಯ ಹೆಸರೇ ಮುಖ್ಯ, ‘ರಕ್ತ ತೆಳುವಾಗಿಸುವ ಮಾತ್ರೆ’ ಎಂಬ ವಿವರಣೆ ಅಲ್ಲ. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸೋರುತ್ತಿದೆ ಎನ್ನಿ. ವಾರ್ಫರಿನ್ ಆದರೆ ವಿಟಮಿನ್ ಕೆ ಮತ್ತು ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಔಷಧಿ ಕೊಟ್ಟು ಅದರ ಪರಿಣಾಮವನ್ನು ತಿರುಗಿಸುತ್ತಾರೆ. ಡಾಬಿಗಟ್ರಾನ್ ಆದರೆ ವಿಟಮಿನ್ ಕೆ ಕೊಟ್ಟು ಪ್ರಯೋಜನವಿಲ್ಲ; ಅದಕ್ಕೆ ಇಡಾರುಸಿಜುಮ್ಯಾಬ್ ಎಂಬ ಬೇರೆಯೇ ಮದ್ದಿದೆ. ರಿವರಾಕ್ಸಬ್ಯಾನ್, ಎಪಿಕ್ಸಬ್ಯಾನ್‌ಗಳ ದಾರಿ ಮತ್ತೊಂದು. ಇನ್ನೊಂದು ತೊಡಕು: ವಾರ್ಫರಿನ್ ಇದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್‌ಆರ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಈ ಹೊಸ ಮಾತ್ರೆಗಳು ಮೈಯಲ್ಲಿದ್ದರೂ ಐಎನ್‌ಆರ್ ಹೆಚ್ಚುಕಡಿಮೆ ಸರಿಯಾಗಿಯೇ ಬರಬಹುದು. ಅಂದರೆ ಬಿಲ್ಲೆ ಹೇಳದಿದ್ದರೆ ಮಾಮೂಲಿ ಪರೀಕ್ಷೆಯೂ ಹೇಳದೇ ಹೋಗಬಹುದು.

ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಅಡ್ರಿನಲ್ ಗ್ರಂಥಿ ಕೆಲಸ ಮಾಡದವರು, ಮತ್ತು ಬೇರೆ ಯಾವುದೋ ಕಾಯಿಲೆಗೆಂದು ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್‌ನಂಥ ಸ್ಟೆರಾಯ್ಡ್ ಮಾತ್ರೆ ನುಂಗುತ್ತಿರುವವರು. ಹೊರಗಿನಿಂದ ಸ್ಟೆರಾಯ್ಡ್ ಸಿಗುತ್ತಿರುವಷ್ಟು ಕಾಲ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಅಪಘಾತ, ಜೋರು ಸೋಂಕು, ವಾಂತಿ ಬಂದಾಗ ಸಹಜವಾಗಿ ಏರಬೇಕಾದ ಕಾರ್ಟಿಸೋಲ್ ಏರುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ, ಎಷ್ಟು ಡ್ರಿಪ್ ಹಾಕಿದರೂ ಮೇಲೇಳುವುದಿಲ್ಲ. ಚಿಕಿತ್ಸೆ ಸುಲಭ: ವಯಸ್ಕರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು. ಅದು ಬೇಕು ಎಂದು ಗೊತ್ತಾಗುವುದೇ ಕಷ್ಟ. ಹೀಗಾಗಿ ಇವರ ಬಿಲ್ಲೆಯಲ್ಲಿ ರೋಗದ ಹೆಸರಿನ ಕೆಳಗೆ ಆಜ್ಞೆಯ ಸಾಲೇ ಇರಬೇಕು: ‘ಸ್ಟೆರಾಯ್ಡ್ ಅವಲಂಬಿತ. ಹೈಡ್ರೋಕಾರ್ಟಿಸೋನ್ ಕೊಡಿ.’

ಅಲರ್ಜಿಯ ವಿಚಾರ ಎಲ್ಲರಿಗೂ ಗೊತ್ತಿದೆ, ಆದರೆ ಬರೆಯುವ ರೀತಿ ಸರಿಯಿರುವುದಿಲ್ಲ. ಪೆನಿಸಿಲಿನ್ ಆಗದು ಎಂದು ಹೇಳಿಕೊಳ್ಳುವವರನ್ನು ಸರಿಯಾಗಿ ಪರೀಕ್ಷಿಸಿದರೆ 100ರಲ್ಲಿ 90ಕ್ಕೂ ಹೆಚ್ಚು ಮಂದಿಗೆ ನಿಜವಾದ ಅಲರ್ಜಿ ಇರುವುದಿಲ್ಲ. ಬಾಲ್ಯದಲ್ಲಿ ಬಂದ ಗುಳ್ಳೆ, ಮಾತ್ರೆ ನುಂಗಿ ಕೆಟ್ಟ ಹೊಟ್ಟೆ, ಇವೆಲ್ಲ ಅಲರ್ಜಿಯ ಲೆಕ್ಕಕ್ಕೆ ಸೇರಿಕೊಂಡಿರುತ್ತವೆ. ಆ ಒಂದು ಸಾಲಿನಿಂದಾಗಿ ವೈದ್ಯರು ಒಳ್ಳೆಯ ಔಷಧಿ ಬಿಟ್ಟು ಎರಡನೇ ದರ್ಜೆಯದಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಅನುಮಾನವಿದ್ದರೆ ಮೊದಲು ಪರೀಕ್ಷೆ ಮಾಡಿಸಿ, ನಿಜವಾಗಿದ್ದರೆ ಏನಾಯಿತು ಎಂಬುದನ್ನೂ ಸೇರಿಸಿ. ‘ಪೆನಿಸಿಲಿನ್: ಗಂಟಲು ಊದಿತು’ ಎಂದರೆ ಬೇರೆ ತೂಕ. ಕಡಲೆಕಾಯಿ, ಜೇನುಹುಳದ ಕಡಿತ, ರಬ್ಬರ್ ಗ್ಲೌಸಿನ ಲೇಟೆಕ್ಸ್ ಕೂಡ ಇಲ್ಲೇ ಬರುತ್ತವೆ. ತೀವ್ರ ಅಲರ್ಜಿಯಾದಾಗ ತಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ಇಟ್ಟುಕೊಂಡಿದ್ದರೆ ಅದು ಎಲ್ಲಿದೆ ಎಂದು ಬರೆಯಿರಿ. ‘ಪೆನ್ ಬ್ಯಾಗಿನಲ್ಲಿದೆ’ ಎಂಬ ಎರಡು ಪದ ಕೆಲವೊಮ್ಮೆ ಉಳಿದೆಲ್ಲಕ್ಕಿಂತ ಬೆಲೆಯುಳ್ಳದ್ದು.

ಅಲರ್ಜಿಯಂತೆಯೇ ಕಾಣುವ, ಆದರೆ ಅಲರ್ಜಿಯ ಮದ್ದಿಗೆ ಬಗ್ಗದ ಒಂದು ಕಾಯಿಲೆ ಉಂಟು, ವಂಶಪಾರಂಪರ್ಯ ಆಂಜಿಯೋಎಡಿಮಾ. ಮುಖ, ಗಂಟಲು ಊದಿ ಉಸಿರು ಕಟ್ಟುತ್ತದೆ. ಅಡ್ರಿನಲಿನ್, ಸ್ಟೆರಾಯ್ಡ್ ಕೊಟ್ಟು ಕಾಯುತ್ತಾ ಕುಳಿತರೆ ಹೊತ್ತು ಹಾಳು. ಇವರಿಗೆ ಬೇಕಾದದ್ದು ಸಿ1 ಇನ್‌ಹಿಬಿಟರ್ ಅಥವಾ ಇಕಾಟಿಬ್ಯಾಂಟ್. ಇಂಥ ಅಪರೂಪದ ಕಾಯಿಲೆಗಳಲ್ಲಿ ಬಿಲ್ಲೆಯ ಉಪಯೋಗ ದೊಡ್ಡದು, ಏಕೆಂದರೆ ಎದುರಿಗಿರುವ ವೈದ್ಯರು ಅದನ್ನು ವೃತ್ತಿಯಲ್ಲಿ ಒಂದೆರಡು ಸಲ ಮಾತ್ರ ಕಂಡಿರುತ್ತಾರೆ. ಅರಿವಳಿಕೆಯಿಂದ ಮೈ ಸುಡುವಂತೆ ಜ್ವರ ಏರುವ ಮಾಲಿಗ್ನಂಟ್ ಹೈಪರ್‌ಥರ್ಮಿಯಾ ಇದ್ದವರಿಗೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡಬಾರದು, ಉಸಿರಿನ ಮೂಲಕ ಕೊಡುವ ಸೆವೋಫ್ಲುರೇನ್‌ನಂಥ ಅರಿವಳಿಕೆಯೂ ಕೂಡದು. ತುರ್ತು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿದ ಮೇಲೆ ಇದನ್ನು ಕೇಳಲು ರೋಗಿ ಎಚ್ಚರವಿರುವುದಿಲ್ಲ. ಸ್ನಾಯುಗಳು ಬಲ ಕಳೆದುಕೊಳ್ಳುವ ಮಯಸ್ತೀನಿಯಾ ಗ್ರೇವಿಸ್ ಇದ್ದವರಿಗೆ ಕೆಲವು ಆಂಟಿಬಯಾಟಿಕ್‌ಗಳೂ ರಕ್ತನಾಳದೊಳಗೆ ಕೊಡುವ ಮೆಗ್ನೀಸಿಯಂ ಕೂಡ ಸ್ನಾಯುಗಳ ಬಲವನ್ನು ಇನ್ನಷ್ಟು ಕುಗ್ಗಿಸಿ ಉಸಿರಾಟಕ್ಕೇ ಕುತ್ತು ತರಬಲ್ಲವು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದರೆ ಪ್ರಿಮಾಕ್ವಿನ್, ಡ್ಯಾಪ್ಸೋನ್, ರಾಸ್‌ಬ್ಯುರಿಕೇಸ್, ಮಿಥಿಲೀನ್ ಬ್ಲೂ ಇವುಗಳಿಂದ ರಕ್ತಕಣ ಒಡೆಯಬಹುದು.

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಇದ್ದವರು ‘ಎ’ಯೋ ‘ಬಿ’ಯೋ ಎಂಬುದನ್ನು ಬಿಡಬಾರದು. ಮೊದಲನೆಯದಕ್ಕೆ ಕೊಡಬೇಕಾದ ಹೆಪ್ಪುಗಟ್ಟಿಸುವ ಅಂಶ ಫ್ಯಾಕ್ಟರ್ 8, ಎರಡನೆಯದಕ್ಕೆ ಫ್ಯಾಕ್ಟರ್ 9. ಅದಲು ಬದಲಾದರೆ ಕೊಟ್ಟದ್ದು ವ್ಯರ್ಥ. ಮೂರ್ಛೆ ರೋಗದವರ ಬಿಲ್ಲೆ ವೈದ್ಯರಿಗಿಂತ ದಾರಿಹೋಕರಿಗೆ ಹೆಚ್ಚು ಉಪಯೋಗಿ: ‘ಫಿಟ್ಸ್. 5 ನಿಮಿಷ ಮೀರಿದರೆ ಆಂಬ್ಯುಲೆನ್ಸ್. ಬಾಯಿಗೆ ಏನೂ ಹಾಕಬೇಡಿ.’ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಕತ್ತಿನ ರಂಧ್ರದಿಂದ ಉಸಿರಾಡುವವರಿಗೆ ಮೂಗು ಬಾಯಿಗೆ ಆಮ್ಲಜನಕ ಹಿಡಿದು ಲಾಭವಿಲ್ಲ, ಮಾಸ್ಕ್ ಕತ್ತಿಗೆ ಬರಬೇಕು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಂದ ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ನಿಲ್ಲುವವರಿಗೆ ಆಮ್ಲಜನಕ ಹೆಚ್ಚಾದರೂ ಕಷ್ಟ. ರಕ್ತದಲ್ಲಿನ ಆಮ್ಲಜನಕದ ಮಟ್ಟಕ್ಕೆ ಅವರ ಗುರಿ 88ರಿಂದ 92 ಶೇಕಡಾ ಎಂಬ ಅಂಕಿಯನ್ನು ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಫಿಸ್ಟುಲಾ (ಅದಕ್ಕೆಂದೇ ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿಪಿ ಪಟ್ಟಿಯನ್ನೂ ಕಟ್ಟಬಾರದು, ಸೂಜಿಯನ್ನೂ ಚುಚ್ಚಬಾರದು. ಬಿಲ್ಲೆಯನ್ನೂ ಆ ಕೈಗೆ ಬಿಗಿಯಾಗಿ ಹಾಕಬಾರದು. ಪೇಸ್‌ಮೇಕರ್, ಬಡಿತ ತಪ್ಪಿದರೆ ಹೃದಯಕ್ಕೆ ಶಾಕ್ ಕೊಡುವ ಎದೆಯೊಳಗಿನ ಡಿಫಿಬ್ರಿಲೇಟರ್ ಇದ್ದರೆ ಎಂಆರ್‌ಐಗೆ ಮೊದಲು ತಿಳಿದಿರಬೇಕು, ಶಾಕ್ ಕೊಡುವ ಪ್ಯಾಡನ್ನು ಅದರ ಮೇಲೆಯೇ ಹಚ್ಚದೆ ಪಕ್ಕಕ್ಕೆ ಸರಿಸಬೇಕು. ತಯಾರಕರು ಕೊಟ್ಟ ಸಾಧನದ ಕಾರ್ಡನ್ನು ಪರ್ಸಿನಲ್ಲಿಡಿ. ಅದರ ಮಾದರಿ ಸಂಖ್ಯೆ ಬಿಲ್ಲೆಯ ಮೇಲೆ ಬೇಡ.

ಒಂದು ನಾಚಿಕೆಯ ವಿಷಯವನ್ನೂ ಹೇಳಿಬಿಡಬೇಕು. ಲೈಂಗಿಕ ದೌರ್ಬಲ್ಯಕ್ಕೆಂದು ನುಂಗುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಎದೆನೋವೆಂದು ನಾಲಿಗೆಯ ಕೆಳಗೆ ನೈಟ್ರೇಟ್ ಇಟ್ಟರೆ, ಇವೆರಡೂ ಕೂಡಿ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಬಿಲ್ಲೆಯ ಮೇಲೆ ಬೇಡ, ಮಡಚಿದ ಕಾರ್ಡಿನ ಒಳಮೈಯಲ್ಲಿ ಇರಲಿ. ಎಚ್‌ಐವಿ ಅಥವಾ ಮಾನಸಿಕ ಆರೋಗ್ಯದ ಔಷಧಿಗಳನ್ನೂ ಹೀಗೆಯೇ ಒಳಪುಟದಲ್ಲಿ ಇಡಬಹುದು. ಎಲ್ಲರ ಕಣ್ಣಿಗೆ ಬೀಳುವಲ್ಲಿ ಎಷ್ಟು, ಹುಡುಕಿದವರಿಗೆ ಎಷ್ಟು ಎಂದು ಹಂಚುವ ಹಕ್ಕು ಧರಿಸುವವರದೇ.

ಬರೆಯುವ ಕೈಚಳಕ

ಲೋಹದ ಬಿಲ್ಲೆಯ ಮೇಲೆ ಓದಲು ಬರುವಂತೆ ಹಿಡಿಸುವುದು ನಾಲ್ಕರಿಂದ ಆರು ಸಾಲು, ಸಾಲಿಗೆ ಸುಮಾರು 20 ಅಕ್ಷರ. ಅಪಾಯ ಹೆಚ್ಚಿರುವುದು ಮೊದಲು, ಫೋನ್ ನಂಬರ್ ಕೊನೆಗೆ. ಹೆಸರು ಎರಡನೇ ಸಾಲಿಗೋ ಬಿಲ್ಲೆಯ ಹಿಂಬದಿಗೋ ಹೋದರೂ ನಡೆಯುತ್ತದೆ. ಒಂದು ಮಾದರಿ:

ವಾರ್ಫರಿನ್ ಸೇವನೆ
ಕೃತಕ ಹೃದಯ ಕವಾಟ
ಪೆನಿಸಿಲಿನ್: ಗಂಟಲು ಊತ
(ಹೆಸರು)
ಕಾರ್ಡ್ ಪರ್ಸಿನಲ್ಲಿದೆ
(ದೇಶದ ಕೋಡ್ ಸಹಿತ ಫೋನ್)

ಇದರಲ್ಲಿ ಎಷ್ಟು ಮಿಲಿಗ್ರಾಂ ಎಂಬುದಿಲ್ಲ, ಗಮನಿಸಿ. ವಾರ್ಫರಿನ್ ಪ್ರಮಾಣ ತಿಂಗಳಿಗೊಮ್ಮೆ ಬದಲಾಗಬಹುದು, ಕೆತ್ತನೆ ಬದಲಾಗದು. ಬದಲಾಗುವುದೆಲ್ಲ ಕಾಗದಕ್ಕೆ, ಬದಲಾಗದ್ದು ಲೋಹಕ್ಕೆ ಎಂಬ ಲೆಕ್ಕ ಇಟ್ಟುಕೊಂಡರೆ ಬಿಲ್ಲೆಯನ್ನು ಮತ್ತೆ ಮತ್ತೆ ಮಾಡಿಸುವುದು ತಪ್ಪುತ್ತದೆ.

ಔಷಧಿಗೆ ಕಂಪನಿ ಇಟ್ಟ ಹೆಸರು ಬೇಡ. ಒಂದೇ ಹೆಸರಿನ ಮಾತ್ರೆ ಎರಡು ದೇಶಗಳಲ್ಲಿ ಎರಡು ಬೇರೆ ಔಷಧಿಯಾಗಿರಬಹುದು, ಪಕ್ಕದ ದೇಶದ ವೈದ್ಯರು ಆ ಹೆಸರನ್ನೇ ಕೇಳಿರಲಿಕ್ಕಿಲ್ಲ. ಔಷಧಿಯ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು, ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಮೇಲಿನ ಮಾದರಿಯಲ್ಲಿ ಕನ್ನಡದಲ್ಲಿದ್ದರೂ ಅದನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕೆತ್ತಿಸಿ. ದಾರಿಹೋಕರಿಗೆಂದು ಬರೆಯುವ ಸಾಲುಗಳು ಸ್ಥಳೀಯ ಭಾಷೆಯಲ್ಲಿರಲಿ, ಅದನ್ನು ಓದಬೇಕಾದವರು ಅವರು.

ಚುಟುಕಕ್ಷರಗಳಿಂದ ದೂರವಿರಿ. ‘ಎಂಎಸ್’ ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಹೃದಯದ ಮೈಟ್ರಲ್ ಸ್ಟೆನೋಸಿಸ್ ಇರಬಹುದು, ಮಾರ್ಫಿನ್ ಸಲ್ಫೇಟ್ ಎಂದೂ ಓದಬಹುದು. ಅಕ್ಷರ ಉಳಿಸಲು ಹೋಗಿ ಅರ್ಥ ಕಳೆಯಬೇಡಿ. ಸಾಲು ಸಾಲದಿದ್ದರೆ ಕಡಿಮೆ ಮುಖ್ಯವಾದದ್ದನ್ನು ಕಾರ್ಡಿಗೆ ದಾಟಿಸಿ, ಬಿಲ್ಲೆಯಲ್ಲಿ ‘ಕಾರ್ಡ್ ನೋಡಿ’ ಎಂದಷ್ಟೇ ಹೇಳಿ. ಕೆತ್ತಿಸುವ ಮುಂಚೆ ಪಠ್ಯವನ್ನು ನಿಮ್ಮ ವೈದ್ಯರಿಗೆ ತೋರಿಸುವುದು ಐದು ನಿಮಿಷದ ಕೆಲಸ. ಔಷಧಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇನ್ನೊಂದು ಔಷಧಿಯಾಗುವ ಉದಾಹರಣೆಗಳು ಬೇಕಾದಷ್ಟಿವೆ.

ಬಿಲ್ಲೆ, ಕಡಗ, ಸರ

ಒಡವೆಯಂತೆ ಕಾಣಬೇಕು ಎಂಬ ಆಸೆ ಅರ್ಥವಾಗುವಂಥದ್ದೇ. ಆದರೆ ಪೂರ್ತಿ ಒಡವೆಯೇ ಆದರೆ ಯಾರೂ ತಿರುಗಿಸಿ ನೋಡುವುದಿಲ್ಲ. ಮುಂಬದಿಯಲ್ಲಿ ವೈದ್ಯಕೀಯ ಚಿಹ್ನೆ ಎದ್ದು ಕಾಣಬೇಕು: ಕೋಲಿಗೆ ಸುತ್ತಿಕೊಂಡ ಹಾವು ಅಥವಾ ಅದನ್ನು ನಡುವೆ ಇಟ್ಟುಕೊಂಡ ಆರು ತೋಳಿನ ನಕ್ಷತ್ರ. ಆ ನೀಲಿ ನಕ್ಷತ್ರ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಆಂಬ್ಯುಲೆನ್ಸ್‌ಗಳ ಮೇಲಿದ್ದ ಕಿತ್ತಳೆ ಬಣ್ಣದ ಶಿಲುಬೆ ತಮ್ಮ ಚಿಹ್ನೆಯನ್ನು ಹೋಲುತ್ತದೆ ಎಂದು 1973ರಲ್ಲಿ ರೆಡ್‌ಕ್ರಾಸ್ ಆಕ್ಷೇಪಿಸಿತು; ಬದಲಿಗೆ ಬಂದ ನಕ್ಷತ್ರ 1977ರಲ್ಲಿ ಅಧಿಕೃತ ಗುರುತಾಗಿ ನೋಂದಣಿಯಾಯಿತು. ಕೈಗೆ ಧರಿಸುವ ಬಿಲ್ಲೆಯ ಕತೆ ಇನ್ನೂ ಹಳೆಯದು. ಕ್ಯಾಲಿಫೋರ್ನಿಯಾದ ಟರ್ಲಾಕ್‌ನ ವೈದ್ಯ ಮೇರಿಯನ್ ಕಾಲಿನ್ಸ್ ಅವರ ಮಗಳು ಲಿಂಡಾ 1953ರಲ್ಲಿ ಧನುರ್ವಾಯುವಿನ ಮದ್ದಿನ ಪರೀಕ್ಷಾ ಹನಿಗೇ ತೀವ್ರ ಅಲರ್ಜಿಯಾಗಿ ಸಾವಿನ ಅಂಚಿಗೆ ಹೋಗಿ ಬಂದಳು. ಮುಂದೆ ಮತ್ತೆ ಹೀಗಾಗದಿರಲೆಂದು ಅವಳಿಗೆ ಮಾಡಿಸಿದ ಕೈಪಟ್ಟಿಯೇ 1956ರಲ್ಲಿ ಮೆಡಿಕ್‌ಅಲರ್ಟ್ ಸಂಸ್ಥೆಗೆ ನಾಂದಿಯಾಯಿತು.

ಲೋಹ ಆರಿಸುವಾಗ ‘ಸರ್ಜಿಕಲ್ ಸ್ಟೀಲ್’ ಎಂದು ಮಾರುವ 316ಎಲ್ ಉಕ್ಕು ಬಹುತೇಕ ಜನರಿಗೆ ಸಾಕು. ಅದರಲ್ಲೂ ನಿಕಲ್ ಇರುತ್ತದೆ ಎಂಬುದು ಮಾತ್ರ ನೆನಪಿರಲಿ. ಗಡಿಯಾರದ ಪಟ್ಟಿಯ ಕೆಳಗೆ ತುರಿಕೆ ಏಳುವವರು ಟೈಟೇನಿಯಂ ತೆಗೆದುಕೊಳ್ಳುವುದು ಕ್ಷೇಮ. ತುರಿಕೆಯೆಂದು ಬಿಚ್ಚಿಟ್ಟ ಬಿಲ್ಲೆ ಮತ್ತೆ ಕೈಗೇರುವುದು ಅಪರೂಪ. ಆಳವಾದ ಕೆತ್ತನೆ ವರ್ಷಗಟ್ಟಲೆ ಉಳಿಯುತ್ತದೆ. ಬಣ್ಣದ ಲೇಪನದ ಮೇಲಷ್ಟೇ ಕೆರೆದ ಅಕ್ಷರ ಸವೆದು ಹೋಗುತ್ತದೆ. ಸಿಲಿಕೋನ್ ಪಟ್ಟಿ ಆಟಕ್ಕೆ, ಈಜಿಗೆ ಹಿತ. ಅದರ ಮೇಲೆ ಮುದ್ರಿಸಿದ ಅಕ್ಷರ ಬೆವರಿಗೂ ಸೋಪಿಗೂ ಮಾಸುವುದರಿಂದ ಅಚ್ಚೊತ್ತಿದ್ದನ್ನೇ ಕೇಳಿ. ಎಂಆರ್‌ಐ ಕೋಣೆಗೆ ಹೋಗುವಾಗ ಯಾವ ಲೋಹವಾದರೂ ಬಿಚ್ಚಲೇಬೇಕು, ಹೊರಬಂದ ಮೇಲೆ ಹಾಕಿಕೊಳ್ಳುವುದನ್ನು ಮರೆಯುವವರೇ ಹೆಚ್ಚು.

ಕೈಪಟ್ಟಿಯ ಸಡಿಲ ಒಂದು ಬೆರಳು ಹೋಗುವಷ್ಟು. ಅದಕ್ಕಿಂತ ಸಡಿಲವಾದರೆ ತೋಳಿನತ್ತ ಸರಿದು ಅಂಗಿಯೊಳಗೆ ಮರೆಯಾಗುತ್ತದೆ. ಕಾಲಿಗೆ ಕಟ್ಟಿದ್ದು, ಉಂಗುರ, ಕೀಗೊಂಚಲು ಇವನ್ನು ಯಾರೂ ಹುಡುಕುವುದಿಲ್ಲ. ಹಚ್ಚೆ ಹಾಕಿಸಿಕೊಳ್ಳುವವರೂ ಇದ್ದಾರೆ. ಅಲಂಕಾರದ ಹಚ್ಚೆಗಳ ನಡುವೆ ಅದು ಕಾಣದೇ ಹೋಗುತ್ತದೆ, ಔಷಧಿ ಬದಲಾದರೆ ಅಳಿಸಲೂ ಆಗದು. ಮಕ್ಕಳಿಗೆ ಸರ ಹಾಕುವುದಾದರೆ ಎಳೆದ ಕೂಡಲೇ ಬಿಚ್ಚಿಕೊಳ್ಳುವ ಕೊಕ್ಕೆಯದೇ ಇರಲಿ, ಆಟದಲ್ಲಿ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದು. ಮಗುವಿನ ಹೆಸರು ಒಳಬದಿಗೆ ಇರಲಿ, ಹೊರಗೆ ಕಾಣುವಂತಿದ್ದರೆ ಅಪರಿಚಿತರು ಹೆಸರು ಹಿಡಿದು ಕರೆಯುತ್ತಾರೆ. ಮರೆವಿನ ಕಾಯಿಲೆಯ ಹಿರಿಯರ ವಿಷಯದಲ್ಲಿ ಇದರ ತಿರುವುಮುರುವು: ತಾವೇ ಬಿಚ್ಚಲಾಗದ ಕೊಕ್ಕೆ, ಹೆಚ್ಚು ಬಳಸುವ ಕೈಗೆ, ದೊಡ್ಡ ಅಕ್ಷರದಲ್ಲಿ ಹೆಸರು ಮತ್ತು ಎರಡು ಫೋನ್ ನಂಬರ್. ಅವರಿಗೆ ಔಷಧಿಗಿಂತ ಮನೆಗೆ ತಲುಪುವುದು ಮುಖ್ಯ.

ಪರ್ಸಿನ ಕಾರ್ಡು

ಬ್ಯಾಂಕ್ ಕಾರ್ಡಿನ ಅಳತೆ 85.6 × 54 ಮಿಲಿಮೀಟರ್. ಅದೇ ಅಳತೆಯಲ್ಲಿ ಮಾಡಿ, ಅಥವಾ ಅದರ ಎರಡರಷ್ಟು ಕಾಗದವನ್ನು ನಡುವೆ ಮಡಚಿ. ಮುಖಪುಟದಲ್ಲಿ ದೊಡ್ಡದಾಗಿ ‘ತುರ್ತು ವೈದ್ಯಕೀಯ ಮಾಹಿತಿ’ ಎಂದಿರಲಿ. ಒಳಗೆ ಹೆಸರು, ಜನ್ಮದಿನ, ಕಾಯಿಲೆ, ಅಲರ್ಜಿ ಮತ್ತು ಅದರಿಂದ ಆದದ್ದು, ಪ್ರತಿ ಔಷಧಿಯ ಜೆನೆರಿಕ್ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಬಾರಿ, ಯಾವುದಕ್ಕೆ, ದೇಹದೊಳಗಿನ ಸಾಧನಗಳು, ನೋಡುವ ವೈದ್ಯರ ನಂಬರ್, ಇಬ್ಬರ ಸಂಪರ್ಕ, ಕೊನೆಗೆ ಬರೆದ ದಿನಾಂಕ. ದಿನಾಂಕವಿಲ್ಲದ ಕಾರ್ಡನ್ನು ವೈದ್ಯರು ಅರ್ಧ ಮಾತ್ರ ನಂಬುತ್ತಾರೆ, ಅದು ಸರಿಯೂ ಹೌದು.

ಬೀಟಾಬ್ಲಾಕರ್ ಗುಂಪಿನ ಬಿಪಿ ಮಾತ್ರೆಗಳು (ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್) ಕಾರ್ಡಿನಲ್ಲಿ ತಪ್ಪದೆ ಇರಬೇಕು. ತೀವ್ರ ಅಲರ್ಜಿಗೆ ಕೊಟ್ಟ ಅಡ್ರಿನಲಿನ್ ಇವರಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು, ಆಗ ಗ್ಲುಕಗಾನ್ ಎಂಬ ಚುಚ್ಚುಮದ್ದು ಬೇಕಾಗಬಹುದು. ಗಾಯದ ರಕ್ತಸ್ರಾವದಲ್ಲಿ ನಾಡಿ ಓಡಬೇಕಾದಷ್ಟು ಓಡುವುದಿಲ್ಲವಾದ್ದರಿಂದ ಸ್ಥಿತಿ ಚೆನ್ನಾಗಿದೆ ಎಂಬ ಭ್ರಮೆಯೂ ಹುಟ್ಟುತ್ತದೆ.

ಇಂಕ್‌ಜೆಟ್ ಮುದ್ರಣ ನೀರು ತಾಗಿದರೆ ಹರಡುತ್ತದೆ, ಅಂಗಡಿ ರಸೀದಿಯಂಥ ಥರ್ಮಲ್ ಕಾಗದ ಬಿಸಿಗೆ ಮಾಸುತ್ತದೆ. ಲೇಸರ್ ಪ್ರಿಂಟ್ ಅಥವಾ ನೀರಿಗೆ ಕರಗದ ಬಾಲ್‌ಪೆನ್ ಸರಿ. ಲ್ಯಾಮಿನೇಷನ್ ಮಾಡಿಸಿದರೆ ತಿದ್ದಲಾಗದು, ತಿದ್ದಲಾಗದ್ದು ಹಳೆಯದಾಗಿಯೇ ಉಳಿಯುತ್ತದೆ. ಅದರ ಬದಲು ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗಿಟ್ಟರೆ ಹೊಸ ಕಾಗದ ಹಾಕುವುದು ಸಲೀಸು. ಪರ್ಸಿನಲ್ಲಿ ಅದರ ಜಾಗ ಫೋಟೋ ಇರುವ ಗುರುತಿನ ಚೀಟಿಯ ಬೆನ್ನಿಗೆ. ನೀವು ಯಾರೆಂದು ಹುಡುಕುವವರು ಮೊದಲು ತೆಗೆಯುವುದು ಅದನ್ನೇ.

ಫೋನಿನಲ್ಲಿ

ಫೋನಿಗೆ ಲಾಕ್ ಇರುತ್ತದೆ, ಹಾಗಾಗಿ ಅದರೊಳಗೆ ಏನಿದ್ದರೂ ಪ್ರಯೋಜನವಿಲ್ಲ ಎಂಬ ಮಾತು ಈಗ ಹಳತು. ಐಫೋನಿನಲ್ಲಿ 2014ರ ಐಓಎಸ್ 8ರಿಂದಲೂ ‘ಮೆಡಿಕಲ್ ಐಡಿ’ ಇದೆ. ‘ಹೆಲ್ತ್’ ಆ್ಯಪ್ ತೆರೆದು, ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿ, ‘ಮೆಡಿಕಲ್ ಐಡಿ’ಯನ್ನು ತುಂಬಿ. ಆಮೇಲೆ ‘ಶೋ ವೆನ್ ಲಾಕ್ಡ್’ ಎಂಬುದು ಚಾಲೂ ಇದೆಯೇ ನೋಡಿ. ಎಲ್ಲವನ್ನೂ ತುಂಬಿ ಈ ಒಂದನ್ನು ಬಿಟ್ಟರೆ ಬರೆದದ್ದೆಲ್ಲ ಬೀಗದೊಳಗೆ. ಲಾಕ್ ಆದ ಫೋನಿನಲ್ಲಿ ಪಾಸ್‌ಕೋಡ್ ಕೇಳುವ ಪರದೆಯ ‘ಎಮರ್ಜೆನ್ಸಿ’ ಒತ್ತಿದರೆ ‘ಮೆಡಿಕಲ್ ಐಡಿ’ ಸಿಗುತ್ತದೆ.

ಆಂಡ್ರಾಯ್ಡ್‌ನಲ್ಲಿ ತಯಾರಕರಿಗೆ ತಕ್ಕಂತೆ ಹೆಸರು ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ಎಂದು ಹುಡುಕಿದರೆ ವೈದ್ಯಕೀಯ ಮಾಹಿತಿ ಮತ್ತು ತುರ್ತು ಸಂಪರ್ಕ ಎರಡೂ ಸಾಮಾನ್ಯವಾಗಿ ಅಲ್ಲಿರುತ್ತವೆ. ಲಾಕ್ ಪರದೆಯನ್ನು ಮೇಲಕ್ಕೆ ಸರಿಸಿ ‘ಎಮರ್ಜೆನ್ಸಿ ಕಾಲ್’ ಒತ್ತಿದಾಗ ಅದು ಕಾಣಬೇಕು. ಆ ಸೌಲಭ್ಯವೇ ಇಲ್ಲದ ಫೋನಾದರೆ ಸರಳ ಉಪಾಯವಿದೆ: ನಾಲ್ಕು ಸಾಲು ಬರೆದು ಫೋಟೋ ತೆಗೆದು ಅದನ್ನೇ ಲಾಕ್ ಸ್ಕ್ರೀನ್ ಚಿತ್ರವಾಗಿಸಿ. ಚೆಂದ ಕಾಣುವುದಿಲ್ಲ, ಕೆಲಸ ಮಾಡುತ್ತದೆ.

ಸಂಪರ್ಕದ ಹೆಸರಿನ ಮುಂದೆ ‘ಐಸ್’ ಎಂದು ಸೇರಿಸುವ ಪದ್ಧತಿಯನ್ನು 2005ರಲ್ಲಿ ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಆಂಬ್ಯುಲೆನ್ಸ್ ಸಿಬ್ಬಂದಿ ಬಾಬ್ ಬ್ರಾಚಿ. ‘ತುರ್ತು ಪರಿಸ್ಥಿತಿಯಲ್ಲಿ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳವು. ಇಂಗ್ಲಿಷ್ ಬಾರದವರಿಗೆ ಅದು ಬರಿ ಮಂಜುಗಡ್ಡೆ. ಹಾಗಾಗಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2008ರಲ್ಲಿ ಅಂಕಿಯ ವಿಧಾನ ಸೂಚಿಸಿತು: ‘01ಅಪ್ಪ’, ‘02ಹೆಂಡತಿ’ ಹೀಗೆ. ಅಂಕಿ ಮೊದಲಿರುವುದರಿಂದ ಹೆಸರಿನ ಪಟ್ಟಿಯಲ್ಲಿ ಒಟ್ಟಿಗೆ ಸಿಗುತ್ತವೆ, ಭಾಷೆಯ ತಂಟೆಯೂ ಇಲ್ಲ. ಆದರೆ ಲಾಕ್ ಇರುವ ಫೋನಿನಲ್ಲಿ ಸಂಪರ್ಕ ಪಟ್ಟಿ ತೆರೆಯುವುದೇ ಇಲ್ಲವಾದ್ದರಿಂದ ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಸಂಪರ್ಕದವರನ್ನು ಆರಿಸುವುದರಲ್ಲೂ ಲೆಕ್ಕ ತಪ್ಪುತ್ತದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಸಂಪರ್ಕ, ಇಬ್ಬರೂ ಒಂದೇ ಕಾರಿನಲ್ಲಿ. ಹೀಗಾಗಿ ಎರಡನೆಯವರು ನಿಮ್ಮ ಜೊತೆ ಪ್ರಯಾಣ ಮಾಡದವರಾಗಿರಲಿ. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಯನ್ನು ಎತ್ತುವ ಅಭ್ಯಾಸ ಅವರಿಗಿದೆಯೇ ಎಂದೂ ಯೋಚಿಸಿ. ನಂಬರ್ ಕೊಟ್ಟರೆ ಸಾಲದು, ನಿಮ್ಮ ಕಾಯಿಲೆ, ಮಾತ್ರೆಗಳ ಪಟ್ಟಿ ಅವರ ಬಳಿಯೂ ಇರಬೇಕು. ಫೋನ್ ಮಾಡಿದ ವೈದ್ಯರು ಮೊದಲು ಕೇಳುವುದೇ ಅದನ್ನು.

ಕ್ಯೂಆರ್ ಕೋಡ್ ಇರುವ ಬಿಲ್ಲೆಗಳು ಈಗ ಹೆಚ್ಚಾಗಿವೆ. ಅದರೊಳಗೆ ಎಷ್ಟು ಬೇಕಾದರೂ ತುಂಬಬಹುದು, ಮನೆಯಲ್ಲೇ ಕುಳಿತು ತಿದ್ದಬಹುದು, ನಿಜ. ಆದರೆ ನೆಟ್‌ವರ್ಕ್ ಇಲ್ಲದಲ್ಲಿ ಅದು ಕಪ್ಪು ಚೌಕ ಮಾತ್ರ. ವಾರ್ಷಿಕ ಚಂದಾ ಕಟ್ಟುವುದು ಮರೆತರೆ, ಸೇವೆ ಕೊಡುವವರು ಬಾಗಿಲು ಹಾಕಿದರೆ ಕೊಂಡಿ ಸತ್ತಂತೆ. ಕೋಡಿನ ಪಕ್ಕದಲ್ಲೇ ಎರಡು ಮುಖ್ಯ ಸಾಲನ್ನು ಕಣ್ಣಿಗೆ ಕಾಣುವಂತೆ ಕೆತ್ತಿಸಿದ್ದರೆ ಒಪ್ಪಬಹುದು. ಯುಎಸ್‌ಬಿ ಡ್ರೈವ್ ಇರುವ ಕೈಪಟ್ಟಿಯನ್ನಂತೂ ಕೊಳ್ಳಬೇಡಿ. ವೈರಸ್ ಭಯಕ್ಕೆ ಅಪರಿಚಿತ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಲು ಆಸ್ಪತ್ರೆಗಳು ಒಪ್ಪುವುದಿಲ್ಲ.

ಮನೆಯಲ್ಲಿ ಬಿದ್ದರೆ

ಒಂಟಿಯಾಗಿರುವವರು ಮನೆಯಲ್ಲೇ ಕುಸಿದರೆ ಬಾಗಿಲು ತೆರೆದು ಬಂದವರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯದು. ಬ್ರಿಟನ್ನಿನಲ್ಲಿ ಲಯನ್ಸ್ ಕ್ಲಬ್‌ಗಳು ಹಂಚುವ ಪ್ಲಾಸ್ಟಿಕ್ ಡಬ್ಬಿಯ ಉಪಾಯ ಇದಕ್ಕೆ ಒಳ್ಳೆಯ ಉತ್ತರ. ಮಾಹಿತಿಯ ಕಾಗದವನ್ನು ಡಬ್ಬಿಯಲ್ಲಿಟ್ಟು ಫ್ರಿಜ್ ಒಳಗೆ ಇಡುತ್ತಾರೆ. ಮುಂಬಾಗಿಲಿನ ಒಳಬದಿಗೂ ಫ್ರಿಜ್ ಮೇಲೂ ಹಸಿರು ಗುರುತಿನ ಸ್ಟಿಕ್ಕರ್ ಅಂಟಿಸುತ್ತಾರೆ. ಫ್ರಿಜ್ ಯಾವ ಮನೆಯಲ್ಲಾದರೂ ಸುಲಭವಾಗಿ ಸಿಗುವ ವಸ್ತು, ಅದಕ್ಕೇ ಅದು. ಡಬ್ಬಿಯಿಲ್ಲದಿದ್ದರೆ ಕಾಗದವನ್ನು ಫ್ರಿಜ್ ಬಾಗಿಲಿಗೇ ಅಂಟಿಸಿದರೂ ಆದೀತು.

ಕೊನೆಯ ಹಂತದಲ್ಲಿ ಪುನರುಜ್ಜೀವನ ಬೇಡ ಎಂಬ ಇಚ್ಛೆಯನ್ನು ಬಿಲ್ಲೆಯಲ್ಲಿ ಕೆತ್ತಿಸಿದರೆ ಸಾಕು ಎಂದುಕೊಳ್ಳಬೇಡಿ. ಅದಕ್ಕೆ ಬೇಕಾದ ಕಾಗದಪತ್ರ, ಸಹಿ, ಸಾಕ್ಷಿ ದೇಶದಿಂದ ದೇಶಕ್ಕೆ ಬೇರೆ. ಸರಿಯಾದ ದಾಖಲೆ ಕೈಯಲ್ಲಿಲ್ಲದಿದ್ದರೆ ಸಿಬ್ಬಂದಿ ಎದೆ ಒತ್ತಲು ಶುರು ಮಾಡುತ್ತಾರೆ.

ಪರೀಕ್ಷೆ

ಔಷಧಿ ಬದಲಾದ ದಿನವೇ ಕಾರ್ಡೂ ಫೋನೂ ಬದಲಾಗಬೇಕು. ಏನೂ ಬದಲಾಗದಿದ್ದರೂ ಆರು ತಿಂಗಳಿಗೊಮ್ಮೆ ಓದಿ ದಿನಾಂಕ ಹೊಸದು ಮಾಡಿ. ಮೂರೂ ಕಡೆ ಒಂದೇ ಮಾತಿರಲಿ. ಬಿಲ್ಲೆಯಲ್ಲಿ ವಾರ್ಫರಿನ್, ಫೋನಿನಲ್ಲಿ ಎಪಿಕ್ಸಬ್ಯಾನ್ ಎಂದಿದ್ದರೆ ಓದುವವರು ಎರಡನ್ನೂ ನಂಬಲಾಗದೆ ನಿಲ್ಲುತ್ತಾರೆ. ವಾರ್ಫರಿನ್ ಬಿಟ್ಟ ಮೇಲೂ ಹಳೆಯ ಕಡಗ ಚೆಂದವಿದೆಯೆಂದು ಹಾಕಿಕೊಂಡಿರುವುದು ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು.

ಎಲ್ಲ ಮುಗಿದ ಮೇಲೆ ನಿಮ್ಮ ಲಾಕ್ ಆದ ಫೋನನ್ನೂ ಪರ್ಸನ್ನೂ ಇದರ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ‘ನನಗೆ ಪ್ರಜ್ಞೆಯಿಲ್ಲ ಅಂದುಕೊಳ್ಳಿ, ನನಗಾಗದ ಔಷಧಿ ಯಾವುದು, ಯಾರಿಗೆ ಫೋನ್ ಮಾಡಬೇಕು, ಹೇಳಿ’ ಎಂದು ಕೇಳಿ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಿ. ಒಂದು ನಿಮಿಷದೊಳಗೆ ಹೇಳಲಾಗದಿದ್ದರೆ ಅವರು ಎಲ್ಲಿ ತಡವರಿಸಿದರೋ ಅಲ್ಲಿಂದ ತಿದ್ದಲು ಶುರು ಮಾಡಿ.